ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಮೂರು ದಿನ

ಕಳೆದ ಶ್ರಾವಣಮಾಸದ ಒಂದು ಸೋಮವಾರ ಪ್ರಾತಃಕಾಲ ಆರೂವರೆ ಗಂಟೆಗೆ ನಾವು ಮೈಸೂರಿನ ಗ್ರಾಮಾಂತರ ಬಸ್ಸು ನಿಲ್ದಾಣದಲ್ಲಿ ಹೆಗ್ಗಡದೇವನಕೋಟೆಯ ಬಸ್ಸನ್ನು ಹತ್ತಿದೆವು. ನಮ್ಮ ಅಣ್ಣನ ಮಗಳು ಆ ಸೀಮೆಯ ಒಂದು ಪ್ರಾಥಮಿಕ ಪಾಠಶಾಲೆಯಲ್ಲಿ ಆರು ವರ್ಷಗಳಿಂದ ಉಪಾಧ್ಯಾಯಿನಿಯಾಗಿದ್ದಾಳೆ. “ಚಿಕ್ಕಪ್ಪ, ನೀವು ಊರೂರು ಸುತ್ತಿ ಗುಡಿಗೋಪುರ, ಜಲಪಾತ ಎಂದು ಬರೆಯುತ್ತೀರಿ. ನಮ್ಮ ಕಡೆಗೆ ಒಮ್ಮೆಯೂ ಬಂದವರಲ್ಲ. ಬರುವ ವಾರ ಇಲ್ಲಿ ಇಪ್ಪತ್ತು ಮಂದಿ ಮೇಷ್ಟ್ರುಗಳು ಮೂರು ದಿವಸ ಸೇರಿ ಕಂಪ್ಯೂಟರಿನಲ್ಲಿ ಪಾಠ ಮಾಡುವುದನ್ನು ಕಲಿಯುತ್ತೇವೆ. ಪಾಠ ಹೇಳುವುದಲ್ಲ, ಪಾಠವನ್ನೇ ಮಾಡುವುದು. ಬಂದು ನೋಡಿ” ಎಂದು ಅವಳು ತಿಳಿಸಿದ್ದಳು. ಹೇಳುವುದಕ್ಕೂ ಮಾಡುವುದಕ್ಕೂ ಅವಳು ತೋರಿದ ಭೇದವು ನಮಗೆ ಮೊದಲು ಅಷ್ಟಾಗಿ ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳಬೇಕು. ಆದರೂ ಕಬಿನಿಯ ಹಿನ್ನೀರನ್ನು ಮಳೆಗಾಲದಲ್ಲಿ ನೋಡಬೇಕೆಂಬ ಆಸೆ ಬಹುಕಾಲದಿಂದ ಇದ್ದಿತು. ಅರ್ಧ ಕುತೂಹಲವೂ ಅರ್ಧ ಸ್ವಾರ್ಥವೂ ಕೂಡಿ ನಮ್ಮನ್ನು ಹೊರಡಿಸಿದುವು.

ಮೈಸೂರಿನಿಂದ ಕೋಟೆಗೆ ಐವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆಯ ದಾರಿ. ಜಯಪುರವನ್ನು ದಾಟಿದ ಮೇಲೆ ನಗರದ ಗದ್ದಲ ಹಿಂದಕ್ಕುಳಿದು, ಎರಡೂ ಕಡೆಗೆ ರಾಗಿ, ಹತ್ತಿ, ಹೊಗೆಸೊಪ್ಪುಗಳ ಹೊಲಗಳು ತೆರೆದುಕೊಳ್ಳುತ್ತವೆ. ಹೊಲಗಳ ನಡುವೆ ಅಲ್ಲಲ್ಲಿ ಎತ್ತರವಾದ, ಕಿಟಕಿಗಳಿಲ್ಲದ, ಚೌಕನೆಯ ಕಟ್ಟಡಗಳು. ಹೊಸಬರು ಅವನ್ನು ಕಂಡು ಯಾವುದೋ ಕಾಲದ ಕಾವಲುಗೋಪುರಗಳೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಅವು ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನುಗಳು. ನಾವು ಹೋದಾಗ ಸೊಪ್ಪು ಮುರಿಯುವ ಕಾಲ. ಹಲವು ಬ್ಯಾರನ್ನುಗಳಿಂದ ಸೌದೆಯ ಹೊಗೆ ಎದ್ದು ತುಂತುರು ಮಳೆಯಲ್ಲಿ ಮೇಲೇಳಲಾರದೆ ಹೊಲದ ಮೇಲೆಯೇ ಮಲಗಿದ್ದಿತು. ಕೋಟೆಗೆ ಸ್ವಲ್ಪ ಮುಂಚೆ ದಾರಿ ಕವಲೊಡೆಯುವಲ್ಲಿ ಹ್ಯಾಂಡ್‌ಪೋಸ್ಟ್ ಎಂಬ ಊರು. ಕೈಮರವೆಂಬ ಚೆಲುವಾದ ಕನ್ನಡದ ಮಾತಿರುವಾಗಲೂ ಜನರ ನಾಲಗೆಯ ಮೇಲೆ ಹ್ಯಾಂಡ್‌ಪೋಸ್ಟೇ ನಿಂತುಬಿಟ್ಟಿದೆ. ಅಲ್ಲಿ ನಾವು ಇಳಿದು ಇಡ್ಲಿ ತಿಂದು, ಇನ್ನೊಂದು ಬಸ್ಸು ಹಿಡಿದು, ಕಾಡಂಚಿನ ಕಡೆಗೆ ಹೊರಟೆವು. ನಾವು ಇಳಿದ ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮುಂದೆ ಒಂದು ಮನೆಯವರ ಸಂಗತಿ ಬರುವುದರಿಂದ ವಾಚಕರು ಇದನ್ನು ಕ್ಷಮಿಸಬೇಕು.

ಬಸ್ಸಿಳಿದಲ್ಲಿಂದ ಕಬಿನಿಯ ಹಿನ್ನೀರು ಕಾಣುತ್ತದೆ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ನಿಂತ ನೀರು ಇದು. ನೀರಿನಾಚೆ ಕಾಡಿನ ಕಪ್ಪು ಗೆರೆ, ಈಚೆ ಊರು, ಊರಿಗೆ ಅರ್ಧ ಮೈಲಿ ದೂರದಲ್ಲಿ ಜೇನುಕುರುಬರ ಹಾಡಿ. ಮಳೆಯ ಮೋಡ ನೀರಿನ ಮೇಲೆ ಇಳಿದಾಗ ನೀರೆಲ್ಲಿ ಮುಗಿಯಿತು, ಆಕಾಶವೆಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ನಮ್ಮ ಹುಡುಗಿ ಕೊಡೆ ಹಿಡಿದು ನಿಂತಿದ್ದಳು. “ಹಿನ್ನೀರನ್ನು ಸಂಜೆ ನೋಡೋಣ ಚಿಕ್ಕಪ್ಪ, ಆಗಲೇ ಶುರುವಾಗಿದೆ” ಎಂದು ನಮ್ಮ ಕೈಚೀಲವನ್ನು ಕಿತ್ತುಕೊಂಡು ಮುಂದೆ ನಡೆದಳು.

ತರಬೇತಿ ನಡೆಯುತ್ತಿದ್ದುದು ಅಲ್ಲಿಯ ಪಾಠಶಾಲೆಯ ದೊಡ್ಡ ಕೊಠಡಿಯಲ್ಲಿ. ತಗಡಿನ ಮಾಡು. ಗೋಡೆಯ ಮೇಲೆ ‘ಡಿಜಿಟಲ್ ಕಲಿಕಾ ಸಾಮಗ್ರಿ ತಯಾರಿಕಾ ಕಾರ್ಯಾಗಾರ’ ಎಂಬ ಬಟ್ಟೆ. ಇಪ್ಪತ್ತು ಮಂದಿಗೆ ಎಂಟು ಲ್ಯಾಪ್‌ಟಾಪುಗಳು. ಆದ್ದರಿಂದ ಎರಡೋ ಮೂರೋ ತಲೆಗಳು ಒಂದೊಂದು ಪರದೆಗೆ ಬಾಗಿದ್ದುವು. ಪಟ್ಟಣದಿಂದ ಬಂದಿದ್ದ ತರಬೇತುದಾರನು ಇನ್ನೂ ಮೂವತ್ತು ತುಂಬದ ತರುಣ; ಬಹಳ ತಾಳ್ಮೆಯವನು. ಅವನು ಮೊದಲ ದಿನವೆಲ್ಲ ಕಲಿಸಿದ್ದು ಕನ್ನಡವನ್ನು ಬೆರಳಚ್ಚಿಸುವುದನ್ನು. ಕಿನ್ನಿಕಂಬಳ ಪದ್ಮನಾಭರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ಅಳವಡಿಸಿಕೊಂಡಿರುವುದು ನಮ್ಮ ಓದುಗರಲ್ಲಿ ಕೆಲವರಿಗೆ ತಿಳಿದೇ ಇರಬಹುದು. ಅದರ ಯುಕ್ತಿ ಬಹಳ ಸರಳ. ‘ಕ’ಗೆ ಇಂಗ್ಲಿಷಿನ ಕೆ, ‘ಷ’ಗೆ ಎಕ್ಸ್. ಎರಡನ್ನೂ ಬೆಸೆದು ‘ಕ್ಷ’ ಮಾಡಬೇಕಾದರೆ ನಡುವೆ ಎಫ್ ಎಂಬ ಕೀಲಿಯನ್ನು ಒತ್ತಬೇಕು. ಅದು ಅಕ್ಷರದಿಂದ ಸ್ವರವನ್ನು ಕಳೆದು ಅರ್ಧಾಕ್ಷರ ಮಾಡುತ್ತದೆ. ಇಷ್ಟನ್ನು ಕಂಡುಕೊಂಡ ಒಬ್ಬ ನಡುವಯಸ್ಸಿನ ಮೇಷ್ಟರು ಕೋಳಿ ಕಾಳು ಹೆಕ್ಕುವಂತೆ ಒಂದೇ ಬೆರಳಿನಿಂದ ‘ಶಿಕ್ಷಕ’ ಎಂದು ಬರೆದು, ಎದ್ದು ನಿಂತು, ಎಲ್ಲರಿಗೂ ತೋರಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಒತ್ತಕ್ಷರ ಕಲಿಸಿದವರಿಗೆ ಒತ್ತಕ್ಷರವನ್ನು ಹೊಸದಾಗಿ ಕಲಿಯುವ ಭಾಗ್ಯ ಬಂದಿತ್ತು!

ಇನ್ನೊಬ್ಬರ ಅದೃಷ್ಟ ಅಷ್ಟು ನೆಟ್ಟಗಿರಲಿಲ್ಲ. ಅವರು ಹತ್ತು ವರ್ಷಗಳ ಹಿಂದೆಯೇ ಮಕ್ಕಳಿಗಾಗಿ ಗಾದೆಗಳನ್ನೂ ಒಗಟುಗಳನ್ನೂ ಸಂಗ್ರಹಿಸಿ ಬೆರಳಚ್ಚು ಮಾಡಿಟ್ಟಿದ್ದರಂತೆ. ಅದನ್ನು ಸಣ್ಣ ಪೆನ್‌ಡ್ರೈವಿನಲ್ಲಿ ಜೋಪಾನವಾಗಿ ತಂದಿದ್ದರು. ತೆರೆದು ನೋಡಿದರೆ ಒಂದೇ ಒಂದು ಕನ್ನಡದ ಅಕ್ಷರವಿಲ್ಲ. ಇಂಗ್ಲಿಷಿನ ದೊಡ್ಡ ಚಿಕ್ಕ ಅಕ್ಷರಗಳು, ತಲೆಯ ಮೇಲೆ ಟೊಪ್ಪಿಗೆಯಿಟ್ಟವು, ಕೆಳಗೆ ಬಾಲ ಬಿಟ್ಟವು, ಎಲ್ಲವೂ ಕಲಸಿಹೋದ ಗೊಜ್ಜು. ಮೇಷ್ಟರ ಮುಖ ಬಾಡಿತು. ತರುಣನು ಕಾರಣವನ್ನು ವಿವರಿಸಿದನು. ಹಿಂದಿನ ಅಚ್ಚಿನಕ್ಷರಗಳು ಇಂಗ್ಲಿಷ್ ಅಕ್ಷರಗಳ ಗೂಡುಗಳಲ್ಲಿ ಕನ್ನಡದ ಆಕಾರಗಳನ್ನು ತುಂಬಿ ಕೆಲಸ ನಡಸುತ್ತಿದ್ದುವು. ಆ ಅಚ್ಚಿಲ್ಲದ ಯಂತ್ರದಲ್ಲಿ ಗೂಡು ಮಾತ್ರ ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ. ಯೂನಿಕೋಡ್ ಎಂಬ ಜಗತ್ತಿಗೆಲ್ಲ ಸಾಮಾನ್ಯವಾದ ಸಂಕೇತಮಾಲೆಯಲ್ಲಿ 1991ರಿಂದಲೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಮನೆಯಿದೆ; ಅದರಲ್ಲಿ ಬರೆದದ್ದು ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಹಳೆಯದನ್ನು ಹೊಸದಕ್ಕೆ ಬದಲಾಯಿಸುವ ಉಪಾಯವೂ ಉಂಟು. ಮಧ್ಯಾಹ್ನದ ಹೊತ್ತಿಗೆ ಆ ಗಾದೆಗಳು ಒಂದೊಂದಾಗಿ ಕನ್ನಡಕ್ಕೆ ಮರಳಿದುವು. ಮೇಷ್ಟರು ಊಟಕ್ಕೆ ಏಳದೆ ಅವನ್ನು ಓದುತ್ತ ಕುಳಿತಿದ್ದರು.

ಊಟಕ್ಕೆ ಮಕ್ಕಳ ಬಿಸಿಯೂಟದ ಅಡಿಗೆಯವರೇ ಅನ್ನ, ತರಕಾರಿ ಹುಳಿ ಮಾಡಿದ್ದರು. ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತವರು ಒಬ್ಬ ಹಿರಿಯ ಉಪಾಧ್ಯಾಯಿನಿ. ಅಲ್ಲಿದ್ದವರಿಗೆಲ್ಲ ಅವರು ‘ದೊಡ್ಡ ಮೇಡಂ’. ಬರುವ ವರ್ಷ ಅವರಿಗೆ ಅರವತ್ತು ತುಂಬಿ ನಿವೃತ್ತಿಯಾಗುತ್ತದೆ. ನಿವೃತ್ತಿಯ ಹೊಸ್ತಿಲಲ್ಲಿ ಈ ಹೊಸ ವಿದ್ಯೆಯೇಕೆ ಎಂದು ನಾವು ಸಲಿಗೆಯಿಂದ ಕೇಳಿದೆವು. “ಹೊಸದೇನು ಬಂತು? ನಾವು ಇದನ್ನು 1995ರಲ್ಲೇ ಮಾಡಿದ್ದೆವು, ರಟ್ಟಿನಲ್ಲಿ” ಎಂದರು ಅವರು.

ಈ ಮಾತಿನಲ್ಲಿ ಒಂದು ಚರಿತ್ರೆಯೇ ಅಡಗಿದೆ. ಇಂದು ಕರ್ನಾಟಕದ ಮನೆಮನೆಯ ತಾಯಂದಿರಿಗೂ ಪರಿಚಿತವಾದ ‘ನಲಿ-ಕಲಿ’ ಎಂಬ ಪದ್ಧತಿ ಹುಟ್ಟಿದ್ದು ಈ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಯವರು ಸುತ್ತಣ ಹಳ್ಳಿಗಳ ಸಣ್ಣ ಶಾಲೆಗಳಲ್ಲಿ ರಟ್ಟಿನ ಚೀಟಿಗಳ ಮೂಲಕ ಕಲಿಸುವ ಕ್ರಮವೊಂದನ್ನು ಬೆಳಸಿದ್ದರು. ಇಲ್ಲಿಯ ಉಪಾಧ್ಯಾಯರ ಒಂದು ತಂಡ ಅಲ್ಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಬರೆದರು. ಒಂದು ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಪ್ರತಿ ಕಾರ್ಡಿಗೂ ಮಗು ಗುರುತಿಸಬಲ್ಲ ಒಂದು ಚಿತ್ರದ ಲಾಂಛನ. ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ತನ್ನ ವೇಗಕ್ಕೆ ತಾನು ಹತ್ತುವುದು. ಜ್ವರ ಬಂದು ಹದಿನೈದು ದಿನ ಮನೆಯಲ್ಲಿದ್ದ ಮಗು ಬಿಟ್ಟಲ್ಲಿಂದಲೇ ಮತ್ತೆ ಮೊದಲುಮಾಡಬಹುದು. ತಂದೆತಾಯಿಗಳೊಡನೆ ಕೂಲಿಗೆಂದು ಕೊಡಗಿಗೆ ಹೋಗಿ ಬರುವ ಮಕ್ಕಳಿರುವ ಸೀಮೆಯಲ್ಲಿ ಇದು ಎಷ್ಟು ದೊಡ್ಡ ಉಪಕಾರವೆಂಬುದನ್ನು ವಾಚಕರು ಊಹಿಸಬಹುದು. ಮುಂದೆ 2009-10ರಲ್ಲಿ ಈ ಪದ್ಧತಿ ರಾಜ್ಯದ ಸರಕಾರಿ ಪಾಠಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿತು.

“ಹರಡಿದ್ದು ಸಂತೋಷವೇ. ಆದರೆ ಅಚ್ಚಾದ ಕಾರ್ಡುಗಳು ಗಾಡಿಯಲ್ಲಿ ಬರತೊಡಗಿದ ಮೇಲೆ ನಮ್ಮ ಕೈಯಲ್ಲಿದ್ದ ಕೆಲಸ ಕೈಬಿಟ್ಟಿತು” ಎಂದರು ದೊಡ್ಡ ಮೇಡಂ. “ಆಗ ರಾತ್ರಿ ಲಾಟೀನು ಹಚ್ಚಿಕೊಂಡು ಕುಳಿತು ಯೋಚಿಸುತ್ತಿದ್ದೆವು: ಈ ಮಗುವಿಗೆ ‘ರ’ ಹೇಳಲು ರಥ ಬೇಕೋ ರಾಗಿ ಬೇಕೋ ಎಂದು. ಆಮೇಲೆ ಯೋಚಿಸುವುದು ನಿಂತುಹೋಯಿತು, ಹಂಚುವುದು ಉಳಿಯಿತು.”

ಅವರ ಮಾತು ಕೇಳುತ್ತ ನಮಗೆ ಬೇರೆರಡು ಪ್ರಯತ್ನಗಳು ನೆನಪಿಗೆ ಬಂದುವು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕಾದವರಿಂದ ಎರವಲು ಪಡೆದ ಉಪಗ್ರಹದ ಮೂಲಕ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಇಳಿದುವು. ನಮ್ಮ ಉತ್ತರದ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. 2004ರಲ್ಲಿ ನಮ್ಮವರೇ ಶಿಕ್ಷಣಕ್ಕಾಗಿ ಎಡುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿ, ನೆರೆಯ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಪಾಠಶಾಲೆಗಳಿಗೆ ಕನ್ನಡದಲ್ಲಿ ಪಾಠಗಳನ್ನು ಕಳುಹಿಸಿದರು. ಆ ಉಪಗ್ರಹದ ಕೆಲಸ 2010ರಲ್ಲಿ ಮುಗಿಯಿತು. ಎರಡೂ ಸಾಹಸಗಳೇ, ಅವನ್ನು ಹಗುರಾಗಿ ನೋಡತಕ್ಕದ್ದಲ್ಲ. ಆದರೆ ಎರಡರಲ್ಲಿಯೂ ಪಾಠವು ಮಳೆಯಂತೆ ಮೇಲಿನಿಂದ ಬಂದಿತು. ಕೆಳಗಿದ್ದವರಿಗೆ ಬೊಗಸೆ ಒಡ್ಡುವ ಕೆಲಸವಷ್ಟೆ. ‘ಪಾಠವನ್ನೇ ಮಾಡುವುದು’ ಎಂದು ನಮ್ಮ ಹುಡುಗಿ ಬರೆದುದರ ಅರ್ಥ ನಮಗೆ ಆ ಪಂಕ್ತಿಯಲ್ಲಿ ಹೊಳೆಯಿತು.

ಎರಡನೆಯ ದಿನದ ಕೆಲಸವು ಚಿತ್ರ ಮತ್ತು ಧ್ವನಿ. ಮೊದಲಿಗೆ ತರುಣನು ಸಿದ್ಧವಾದ ಪಾಠವೊಂದನ್ನು ತೋರಿಸಿದನು. ರಸ್ತೆಯಲ್ಲಿ ಸುರಕ್ಷಿತವಾಗಿ ನಡೆಯುವುದು ಹೇಗೆಂಬುದು ಅದರ ವಿಷಯ. ನಾಲ್ಕು ದಾರಿ ಕೂಡುವ ವೃತ್ತ, ಕೆಂಪು ಹಳದಿ ಹಸುರು ದೀಪಗಳು, ಬಿಳಿಯ ಪಟ್ಟೆಯ ಮೇಲೆ ನಡೆಯುವ ಬೂಟು ತೊಟ್ಟ ಮಕ್ಕಳು. ಅಂದವಾಗಿಯೇ ಇತ್ತು. ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಮೇಷ್ಟರು, “ಸರ್, ನಮ್ಮ ಮಕ್ಕಳು ಶಾಲೆಗೆ ಬರುವ ದಾರಿಯಲ್ಲಿ ದೀಪವಿಲ್ಲ, ಆನೆ ಇದೆ” ಎಂದರು. ಕೊಠಡಿಯೆಲ್ಲ ನಕ್ಕಿತು. ಆದರೆ ಅವರು ನಗುವುದಕ್ಕಾಗಿ ಹೇಳಿದ್ದಲ್ಲ.

ಆ ಮೇಷ್ಟರ ಗುಂಪು ಅಂದು ಕಟ್ಟಿದ ಪಾಠವನ್ನು ನಾವು ಮರೆಯಲಾರೆವು. ಮೊಬೈಲು ಫೋನುಗಳನ್ನು ಹಿಡಿದು ಅವರು ಮಳೆಯಲ್ಲಿಯೇ ಹೊರಟು, ಹಾಡಿಯಿಂದ ಪಾಠಶಾಲೆಯವರೆಗಿನ ದಾರಿಯನ್ನು ಹೆಜ್ಜೆಹೆಜ್ಜೆಗೆ ಚಿತ್ರ ತೆಗೆದರು. ಕಾಡಂಚಿನ ಆನೆ ಕಂದಕ, ಅದರ ದಡ ಕುಸಿದಿರುವ ಜಾಗ, ಸೌರವಿದ್ಯುತ್ತಿನ ತಂತಿಬೇಲಿ, ಹಲಸಿನ ಮರ, ಹೊಸ ಲದ್ದಿ, ಹಳೆಯ ಲದ್ದಿ. ಒಂದೊಂದು ಚಿತ್ರಕ್ಕೂ ಒಂದೊಂದು ಪ್ರಶ್ನೆ: ಇಲ್ಲಿ ಏನು ಕಾಣುತ್ತದೆ? ಲದ್ದಿ ಬಿಸಿಯಾಗಿದ್ದರೆ ಏನು ಮಾಡಬೇಕು? ತಂತಿಯನ್ನು ಮುಟ್ಟಬಹುದೆ? ಒಬ್ಬಳೇ ಬರಬೇಕೆ, ಗುಂಪಿನಲ್ಲಿ ಬರಬೇಕೆ? ಮಗು ಸರಿಯಾದ ಚಿತ್ರವನ್ನು ಮುಟ್ಟಿದರೆ ಮುಂದಿನ ಪುಟ ತೆರೆಯುತ್ತದೆ. ಇದನ್ನು ಪಟ್ಟಣದಲ್ಲಿ ಕುಳಿತ ಯಾವ ಪಂಡಿತನಾದರೂ ಬರೆಯಬಲ್ಲನೆ? ಹೊಗೆಸೊಪ್ಪಿನ ಎಲೆಗಳನ್ನು ಲೆಕ್ಕದ ಪಾಠಕ್ಕೆ ತೆಗೆದುಕೊಳ್ಳಬಹುದೇ ಎಂದು ಇನ್ನೊಂದು ಗುಂಪಿನಲ್ಲಿ ಜಗಳವೇ ಆಯಿತು. ಮಕ್ಕಳು ದಿನವೂ ಕಾಣುವುದು ಅದನ್ನೇ ಎಂದು ಕೆಲವರು, ಕಾಣುತ್ತಾರೆಂದು ಕಲಿಸುವುದೆ ಎಂದು ಕೆಲವರು. ಕೊನೆಗೆ ಹತ್ತಿಕಾಯಿ ಗೆದ್ದಿತು.

ಧ್ವನಿಯನ್ನು ಹಿಡಿಯುವುದು ಚಿತ್ರ ಹಿಡಿಯುವಷ್ಟು ಸುಲಭವಲ್ಲ. ತಗಡಿನ ಮಾಡಿನ ಮೇಲೆ ಶ್ರಾವಣದ ಮಳೆ ಬೀಳುತ್ತಿದ್ದರೆ ಯಂತ್ರಕ್ಕೆ ಕೇಳುವುದು ಮಳೆಯೊಂದೇ. ಕೊನೆಗೆ ಮೂಲೆಯಲ್ಲಿದ್ದ ಪುಸ್ತಕದ ಬೀರುವಿನ ಪಕ್ಕದಲ್ಲಿ ಎರಡು ಮೇಜುಗಳನ್ನು ನಿಲ್ಲಿಸಿ, ಮೇಲೆ ಮೂರು ಕಂಬಳಿ ಹೊದಿಸಿ, ಒಂದು ಗವಿಯನ್ನು ಮಾಡಿದರು. ಅದರೊಳಗೆ ತೂರಿಕೊಂಡು ಒಬ್ಬೊಬ್ಬರಾಗಿ ಪದ್ಯ ಹೇಳಿ ಬೆವರುತ್ತ ಹೊರಬರುವರು. ಕಂಬಳಿಯು ಮಳೆಯನ್ನೂ ಪ್ರತಿಧ್ವನಿಯನ್ನೂ ಚೆನ್ನಾಗಿ ನುಂಗಿತು. ಆಮೇಲೆ ‘ಅಡಾಸಿಟಿ’ ಎಂಬ, ಬೆಲೆ ಕೊಡಬೇಕಾಗಿಲ್ಲದ ತಂತ್ರಾಂಶದಲ್ಲಿ ಕೆಮ್ಮು, ತೊದಲುಗಳನ್ನು ಕತ್ತರಿಸುವುದು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುವಂತಹ ಕೆಲಸ. ಹೆಂಗಸರಿಗೆ ಬೇಗ ಒಗ್ಗಿತೆಂದು ನಾವು ಹೇಳಿದರೆ ನಮ್ಮ ಹುಡುಗಿಗೆ ಕೋಪ ಬಂದೀತು, ಆದರೆ ಕಂಡದ್ದು ಹಾಗೆಯೇ. ಹಾಗೆಯೇ ಉಳಿಸಿದರೆ ಒಂದು ನಿಮಿಷದ ಧ್ವನಿ ಸುಮಾರು 10 ಮೆಗಾಬೈಟಿನಷ್ಟು ಭಾರ. ಅದನ್ನೇ ಎಂಪಿತ್ರೀ ಎಂಬ ಕ್ರಮದಲ್ಲಿ ಅಡಕಮಾಡಿದರೆ ಅರ್ಧ ಮೆಗಾಬೈಟಿಗೆ ಇಳಿಯುತ್ತದೆ. ಕೆರೆಯ ಏರಿಯ ಮೇಲೆ ಹೋಗಿ ನಿಂತರೆ ಮಾತ್ರ ಫೋನಿಗೆ ಜೀವ ಬರುವಂತಹ ಊರಿನಲ್ಲಿ ಈ ಲೆಕ್ಕ ಬಹು ಮುಖ್ಯ. ಈಗ ಪಠ್ಯಪುಸ್ತಕಗಳಲ್ಲಿ ಚೌಕಟ್ಟಿನ ಸಂಕೇತವೊಂದನ್ನು ಅಚ್ಚುಮಾಡಿರುತ್ತಾರೆ. ಫೋನನ್ನು ಅದಕ್ಕೆ ಹಿಡಿದರೆ, ಕೇಂದ್ರ ಸರಕಾರದವರು 2017ರಲ್ಲಿ ತೆರೆದ ‘ದೀಕ್ಷಾ’ ಭಂಡಾರದಿಂದ ಪಾಠವು ಬರುತ್ತದೆ. ಇಲ್ಲಿಯ ಉಪಾಧ್ಯಾಯರು ವಾರಕ್ಕೊಮ್ಮೆ ಕೋಟೆಗೆ ಸಂತೆಗೆ ಹೋದಾಗ ಆ ವಾರದ ಪಾಠಗಳನ್ನು ಇಳಿಸಿಕೊಂಡು, ತರಕಾರಿಯ ಜೊತೆಗೆ ಜೇಬಿನಲ್ಲಿ ತರುತ್ತಾರೆ.

ಮೂರು ಗಂಟೆಗೆ ವಿದ್ಯುತ್ತು ಹೋಯಿತು. ಒಬ್ಬಾಕೆ ಒಂದು ಗಂಟೆಯ ಕೆಲಸವನ್ನು ಉಳಿಸಿಟ್ಟಿರಲಿಲ್ಲ. ಅವರ ಲ್ಯಾಪ್‌ಟಾಪಿನ ಬ್ಯಾಟರಿಯೋ ಹೆಸರಿಗೆ ಮಾತ್ರ ಇದ್ದಿತು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಉಳಿಸಿಕೊಳ್ಳಲು ಧಾವಿಸಿದರು.

ವಿದ್ಯುತ್ತು ಬರುವಂತಿರಲಿಲ್ಲವಾಗಿ, ದೊಡ್ಡ ಮೇಡಂ ಫೋನೊಂದನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಹಾಡಿಗೆ ಹೊರಟರು. ನಾವೂ ನಮ್ಮ ಹುಡುಗಿಯೂ ಹಿಂಬಾಲಿಸಿದೆವು. ದಾರಿಯಲ್ಲಿ ಅವರು ತಮ್ಮ ಉದ್ದೇಶವನ್ನು ಹೇಳಿದರು. ಹಾಡಿಯ ಮಕ್ಕಳು ಮನೆಯಲ್ಲಿ ಆಡುವುದು ಜೇನುಕುರುಬರ ನುಡಿ. ಅದು ಕನ್ನಡಕ್ಕೆ ಹತ್ತಿರವಾದುದೇ. ಆದರೆ ಆರು ವರ್ಷದ ಮಗುವಿಗೆ ಆ ಹತ್ತಿರವೂ ದೂರವೇ. ಮಗು ಮೊದಲ ತರಗತಿಗೆ ಬಂದು, ಮೇಡಂ ಕೇಳಿದ್ದು ತಿಳಿಯದೆ, ಬಾಯಿ ಮುಚ್ಚಿ ಕುಳಿತರೆ, ಕೆಲವು ಮಕ್ಕಳು ತಿಂಗಳುಗಟ್ಟಳೆ ಹಾಗೆಯೇ ಕುಳಿತಿರುತ್ತಾರೆ. ಆಮೇಲೆ ಬರುವುದನ್ನೇ ಬಿಡುತ್ತಾರೆ. ಇಪ್ಪತ್ತು ವರ್ಷ ಇಲ್ಲಿದ್ದು ದೊಡ್ಡ ಮೇಡಂ ಆ ನುಡಿಯನ್ನು ಕಲಿತಿದ್ದಾರೆ. “ನಾನು ಹೋದಮೇಲೆ ಬರುವವರು ಎಲ್ಲಿಯವರೋ? ಅವರು ಕಲಿಯುವುದಕ್ಕೆ ಇನ್ನೆಷ್ಟು ವರ್ಷ? ಅಷ್ಟರಲ್ಲಿ ಬಂದ ಮಕ್ಕಳ ಗತಿ? ಮೊದಲ ತಿಂಗಳಿಗೆ ಸಾಲುವಷ್ಟಾದರೂ ಮಾತನ್ನು ಇಟ್ಟುಹೋಗಬೇಕು” ಎಂದರು. ಅವರ ಪಾಠದ ಕಲ್ಪನೆ ಇಷ್ಟೆ: ಮನೆಯ ಒಂದು ವಸ್ತುವಿನ ಚಿತ್ರ, ಮುಟ್ಟಿದರೆ ಮೊದಲು ಹಾಡಿಯ ಅಜ್ಜಿಯ ದನಿಯಲ್ಲಿ ಅದರ ಹೆಸರು, ಆಮೇಲೆ ಕನ್ನಡದಲ್ಲಿ.

ಅಜ್ಜಿ ಗುಡಿಸಲಿನ ಮುಂದಿನ ಜಗಲಿಯ ಮೇಲೆ ಕುಳಿತು ಬಿದಿರು ಸೀಳುತ್ತಿದ್ದಳು. ಮೊಮ್ಮಗಳು, ಒಂದನೆಯ ತರಗತಿಯ ಮಗು, ನಮ್ಮನ್ನು ಕಂಡೊಡನೆ ಒಳಗೆ ಓಡಿಹೋಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಿತು. ದೊಡ್ಡ ಮೇಡಂ ಪಕ್ಕದಲ್ಲಿ ಕುಳಿತು, ಅವಳ ನುಡಿಯಲ್ಲಿಯೇ ಮಾತಾಡಿ, ನೀರು, ಬೆಂಕಿ, ನಾಯಿ, ಜೇನು ಎಂದು ಒಂದೊಂದನ್ನೇ ತೋರಿಸಿ ಹೇಳಿಸಿದರು. ನಲವತ್ತು ಮಾತುಗಳಾದುವು. ಇನ್ನು ಸಾಕೆಂದು ಮೇಡಂ ಹೇಳುವಷ್ಟರಲ್ಲಿ ಅಜ್ಜಿಗೆ ಏನು ತೋಚಿತೋ, ಬಿದಿರನ್ನು ಕೆಳಗಿಟ್ಟು, ಕಾಡಿನ ಕಡೆ ನೋಡುತ್ತ, ಕಥೆಯೊಂದನ್ನು ಹೇಳಲು ತೊಡಗಿದಳು. ನಮಗೆ ಒಂದು ಮಾತೂ ಪೂರ್ತಿಯಾಗಿ ತಿಳಿಯಲಿಲ್ಲ. ಆದರೆ ದನಿ ಏರಿ ಇಳಿದು ಕೆಲವೆಡೆ ಹಾಡಾಗುತ್ತಿದ್ದಿತು. ಬಾಗಿಲ ಸಂದಿಯ ಮಗು ಮೆಲ್ಲನೆ ಹೊರಗೆ ಬಂದು ಅಜ್ಜಿಯ ಬೆನ್ನಿಗೆ ಒರಗಿ ನಿಂತಿತು. ಫೋನು ಎಲ್ಲವನ್ನೂ ಹಿಡಿಯುತ್ತಲೇ ಇದ್ದಿತು. ಹನ್ನೊಂದು ನಿಮಿಷ.

ಮುಗಿದ ಮೇಲೆ ಅಜ್ಜಿ ಕನ್ನಡದಲ್ಲಿ ಕೇಳಿದಳು: “ಟೀಚರಮ್ಮ, ಈ ನನ್ ದನಿ ಎಲ್ಲೀಗಂಟ ಹೋಯ್ತದೆ?”

ದೊಡ್ಡ ಮೇಡಂ ಸುಳ್ಳು ಹೇಳಲಿಲ್ಲ. ಬೇಕೆಂದರೆ ಜಗತ್ತಿನವರೆಲ್ಲ ಕೇಳುವಂತೆ ಮಾಡಬಹುದೆಂದು ತಿಳಿಸಿದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾತುಗೋಳು ಯಾರ್ ಬೇಕಾದ್ರೂ ಕೇಳ್ಕಳ್ಲಿ. ಕತೆ ನಮ್ ಮಕ್ಳು ಕೇಳ್ಲಿ. ಊರೂರ್ಗೆಲ್ಲಾ ಬ್ಯಾಡ” ಎಂದಳು.

ಮೂರನೆಯ ದಿನದ ಬೆಳಿಗ್ಗೆ ಪಾಠಗಳ ಪ್ರದರ್ಶನ. ಊರಿನ ಕೆಲವು ಮಕ್ಕಳನ್ನೂ ಹಾಡಿಯ ಐದು ಮಕ್ಕಳನ್ನೂ ಕರೆತಂದಿದ್ದರು. ಆನೆಯ ದಾರಿಯ ಪಾಠವನ್ನು ಮಕ್ಕಳು ಮೂರು ಸಲ ಆಡಿದರು. ಕಂದಕ ಕುಸಿದಿರುವ ಇನ್ನೊಂದು ಜಾಗವನ್ನು ಪಾಠದಲ್ಲಿ ಬಿಟ್ಟಿದ್ದೀರಿ ಎಂದು ಒಬ್ಬ ಹುಡುಗನು ಮೇಷ್ಟರಿಗೇ ತಿದ್ದುಪಡಿ ಹೇಳಿದನು. ಆಮೇಲೆ ಅಜ್ಜಿಯ ದನಿಯ ಪಾಠ. ಮೊಮ್ಮಗಳನ್ನು ಪರದೆಯ ಮುಂದೆ ಕೂರಿಸಿದರು. ನಾಯಿಯ ಚಿತ್ರವನ್ನು ಮುಟ್ಟಲು ಬಹಳ ಹೊತ್ತು ಹಿಡಿಯಿತು. ಮುಟ್ಟಿತು, ಅಜ್ಜಿ ಮಾತಾಡಿದಳು. ಮಗು ಏನನ್ನೂ ಹೇಳಲಿಲ್ಲ. ಎದ್ದು, ಲ್ಯಾಪ್‌ಟಾಪಿನ ಹಿಂದಕ್ಕೆ ಹೋಗಿ ನೋಡಿತು. ಅಲ್ಲಿ ಯಾರೂ ಇಲ್ಲದ್ದನ್ನು ಕಂಡು ಮುಂದೆ ಬಂದು ಕುಳಿತು, ಮುಂದಿನ ಚಿತ್ರವನ್ನು ಮುಟ್ಟಿತು. ಹೀಗೆ ನಲವತ್ತನ್ನೂ ಮುಟ್ಟಿತು. ಕನ್ನಡದ ಹೆಸರುಗಳಲ್ಲಿ ಕೆಲವನ್ನು ತುಟಿಯಲ್ಲಿಯೇ ಹೇಳಿಕೊಂಡಂತೆ ನಮಗೆ ತೋರಿತು; ದನಿ ಹೊರಡಲಿಲ್ಲ. ದೊಡ್ಡ ಮೇಡಂ ಅದಕ್ಕೆ ಆತುರಪಡಲೂ ಇಲ್ಲ.

ಮಧ್ಯಾಹ್ನ ಚರ್ಚೆ ಎದ್ದಿತು. ಇಂತಹ ಕಾರ್ಯಾಗಾರದಲ್ಲಿ ತಯಾರಾದುದನ್ನೆಲ್ಲ ಎಲ್ಲರೂ ಬಳಸುವ ಭಂಡಾರಕ್ಕೆ ಸೇರಿಸುವುದು ರೂಢಿ. ಸೇರಿಸುವಾಗ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಪರವಾನಗಿಯನ್ನು ಹಚ್ಚುತ್ತಾರೆ. 2002ರಿಂದ ಬಳಕೆಗೆ ಬಂದ ಈ ಪರವಾನಗಿಗಳಲ್ಲಿ ಉದಾರವಾದವು, ಮಾಡಿದವರ ಹೆಸರನ್ನು ಹೇಳಿ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂದು ಸಾರುತ್ತವೆ. ಅಕ್ಕಿಯನ್ನು ಹಂಚಿದರೆ ಕಡಿಮೆಯಾಗುತ್ತದೆ, ಪಾಠವನ್ನು ಹಂಚಿದರೆ ಆಗುವುದಿಲ್ಲವೆಂಬ ನ್ಯಾಯ. ಅಜ್ಜಿಯ ಕಥೆಯನ್ನೂ ಸೇರಿಸಬೇಕೆಂದು ಪಟ್ಟು ಹಿಡಿದವಳು ನಮ್ಮ ಹುಡುಗಿಯೇ.

“ಜೇನುಕುರುಬರ ಮಕ್ಕಳು ಇಲ್ಲಿ ಮಾತ್ರ ಇದ್ದಾರೆಯೇ ಮೇಡಂ? ಹುಣಸೂರಿನಲ್ಲಿಲ್ಲವೇ, ಕೊಡಗಿನಲ್ಲಿಲ್ಲವೇ? ಅಲ್ಲಿಯ ಶಾಲೆಗಳಲ್ಲಿ ಬಾಯಿ ಮುಚ್ಚಿ ಕುಳಿತ ಮಕ್ಕಳಿಗೆ ಇದು ಬೇಡವೇ? ಅಜ್ಜಿಗೆ ವಯಸ್ಸಾಗಿದೆ. ಇನ್ನೊಬ್ಬರು ಈ ಕಥೆಯನ್ನು ಹೀಗೆ ಹೇಳಬಲ್ಲರೇ? ಒಂದು ಚಿಪ್ಪಿನಲ್ಲಿಟ್ಟು ಬೀರುವಿಗೆ ಬೀಗ ಹಾಕಿದರೆ, ಚಿಪ್ಪು ಕೆಟ್ಟ ದಿನ ಕಥೆಯೂ ಹೋಯಿತು” ಎಂದಳು. ಅವಳ ದನಿ ನಡುಗುತ್ತಿದ್ದಿತು.

“ಹೋದರೆ ಹೋಗಲಮ್ಮ. ಕೊಟ್ಟವರು ಇಷ್ಟು ದೂರ ಎಂದು ಅಳೆದು ಕೊಟ್ಟಿದ್ದಾರೆ. ಅದಕ್ಕಿಂತ ಒಂದು ಗೇಣು ಮುಂದೆ ಒಯ್ದರೂ ನಾಳೆ ನಾನು ಆ ಜಗಲಿಯ ಮೇಲೆ ಹೇಗೆ ಕೂರಲಿ?” ಎಂದರು ದೊಡ್ಡ ಮೇಡಂ.

ತರುಣನು ಇಬ್ಬರ ಮುಖವನ್ನೂ ನೋಡಿದನು. ಭಂಡಾರಕ್ಕೆ ಒಮ್ಮೆ ಹೋದುದನ್ನು ಹಿಂದಕ್ಕೆ ಪಡೆಯುವುದು ನಿಜವಾಗಿ ಸಾಧ್ಯವಿಲ್ಲ, ಅಷ್ಟರೊಳಗೆ ಯಾರು ಯಾರು ಇಳಿಸಿಕೊಂಡಿರುತ್ತಾರೋ ಎಂದು ಅವನು ತಿಳಿಸಿದನು. ಇಷ್ಟು ಕೇಳಿದ ಮೇಲೆ ಗಾದೆಗಳ ಮೇಷ್ಟರು, “ಹಾಗಾದರೆ ನಿಧಾನವೇ ಒಳ್ಳೆಯದು” ಎಂದರು. ನಲವತ್ತು ಮಾತುಗಳು ಭಂಡಾರಕ್ಕೆ ಹೋಗತಕ್ಕದ್ದು. ಕಥೆಯು ಎರಡು ಚಿಪ್ಪುಗಳಲ್ಲಿ ಉಳಿಯತಕ್ಕದ್ದು, ಒಂದು ಪಾಠಶಾಲೆಯ ಬೀರುವಿನಲ್ಲಿ, ಇನ್ನೊಂದು ಅಜ್ಜಿಯ ಮನೆಯಲ್ಲಿ, ಎಂದು ತೀರ್ಮಾನವಾಯಿತು. ನಮ್ಮ ಹುಡುಗಿ ಕೈಯೆತ್ತಲಿಲ್ಲ. ನಮ್ಮನ್ನು ಯಾರೂ ಕೇಳಲಿಲ್ಲವಾದ್ದರಿಂದ ಬದುಕಿದೆವು. ಹಿಂದಿನ ರಾತ್ರಿ ನಾವು ಅವಳ ಪಕ್ಷದಲ್ಲಿದ್ದೆವು. ಆ ಮಗು ಯಂತ್ರದ ಹಿಂದೆ ಹೋಗಿ ಅಜ್ಜಿಯನ್ನು ಹುಡುಕಿದುದನ್ನು ಕಂಡ ಮೇಲೆ ಅಷ್ಟು ನಿಶ್ಚಯವಾಗಿ ಹೇಳಲಾರದೆ ಹೋದೆವು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಹಿನ್ನೀರಿನ ದಡಕ್ಕೆ ಹೋದೆವು. ಮಳೆ ನಿಂತು ಆಚೆಯ ಕಾಡು ತೊಳೆದಿಟ್ಟಂತೆ ಕಾಣುತ್ತಿದ್ದಿತು. ನೀರಿನಲ್ಲಿ ಅಲ್ಲಲ್ಲಿ ಒಣಗಿದ ಮರಗಳ ಬೊಡ್ಡೆಗಳು ನಿಂತಿದ್ದುವು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದುವು. ಮೂರು ದಿನದಿಂದ ನೋಡಬೇಕೆಂದಿದ್ದ ನೀರು. ಆದರೆ ನಮ್ಮ ಹುಡುಗಿಗೆ ಅದರ ಕಡೆಗೆ ಲಕ್ಷ್ಯವಿರಲಿಲ್ಲ.

“ಚಿಕ್ಕಪ್ಪ, ನನಗೆ ಆ ನುಡಿ ಬರುವುದಿಲ್ಲ. ಆರು ವರ್ಷವಾಯಿತು, ಕಲಿಯಬೇಕೆಂದು ತೋಚಲೇ ಇಲ್ಲ” ಎಂದಳು ಸ್ವಲ್ಪ ಹೊತ್ತಿನ ಮೇಲೆ. ನಾವು ಉತ್ತರ ಕೊಡಲಿಲ್ಲ. “ದೊಡ್ಡ ಮೇಡಂ ಹೋಗುವುದಕ್ಕೆ ಮುಂಚೆ ಶನಿವಾರದ ಮಧ್ಯಾಹ್ನಗಳಲ್ಲಿ ಅವರ ಜೊತೆಗೆ ಹಾಡಿಗೆ ಹೋಗುತ್ತೇನೆ. ನಲವತ್ತು ಮಾತು ಇದೆಯಲ್ಲ, ಅಲ್ಲಿಂದ ಶುರುಮಾಡುತ್ತೇನೆ. ಆಮೇಲೆ ಅಜ್ಜಿಯನ್ನು ನಾನೇ ಇನ್ನೊಂದು ಸಲ ಕೇಳುತ್ತೇನೆ, ಅವರ ಮಾತಿನಲ್ಲಿ.”

“ಆಗಲೂ ಬೇಡವೆಂದರೆ?” ಎಂದೆವು.

ಅವಳು ನಗಲಿಲ್ಲ. “ಕಥೆಯಾದರೂ ಅರ್ಥವಾಗಿರುತ್ತದೆ” ಎಂದಳು.

ಬಸ್ಸು ಬಂದಿತು. ಕಿಟಕಿಯ ಪಕ್ಕದಲ್ಲಿ ಸ್ಥಳ ಸಿಕ್ಕಿತು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವಳು ಕೆರೆಯ ಏರಿಯನ್ನು ಹತ್ತಿ, ಫೋನನ್ನು ತಲೆಯ ಮೇಲಕ್ಕೆ ಹಿಡಿದು ನಿಂತಿದ್ದಳು. ನಲವತ್ತು ಮಾತುಗಳನ್ನು ಭಂಡಾರಕ್ಕೆ ಕಳುಹಿಸುವುದಕ್ಕಾಗಿ. ರಾತ್ರಿ ಒಂಬತ್ತೂವರೆಗೆ ನಾವು ಮೈಸೂರಿನಲ್ಲಿ ಇಳಿದಾಗ, ಇನ್ನೂ ಇಪ್ಪತ್ತಾರು ಮಾತ್ರ ಹೋಗಿವೆ, ಮಳೆ ಬಂತು, ಮನೆಗೆ ಬಂದೆ ಎಂದು ಅವಳ ಸಂದೇಶ ಕಾದಿದ್ದಿತು.